ಕೇಳಿಸಿತು ಅಂದರೆ ಒಪ್ಪಿದೆ ಅಂತಲ್ಲ



ಸಿನಿಮಾದಲ್ಲಿ ಪೊಲೀಸ್ ಅಧಿಕಾರಿ ವಾಕಿಟಾಕಿಯನ್ನು ಬಾಯಿಯ ಹತ್ತಿರ ಹಿಡಿದು ‘ರೋಜರ್, ಓವರ್ ಅಂಡ್ ಔಟ್’ ಎಂದು ಗತ್ತಿನಿಂದ ಹೇಳಿ ಜೀಪು ಹತ್ತುವುದನ್ನು ನೀವು ನೋಡಿರುತ್ತೀರಿ. ದಿನವೂ ವೈರ್‌ಲೆಸ್ ಸೆಟ್ಟಿನ ಮುಂದೆ ಕೂತು ಕೆಲಸ ಮಾಡುವವರಿಗೆ ಈ ಮಾತು ಕೇಳಿದರೆ ನಗು ಬರುತ್ತದೆ. ‘ಓವರ್’ ಅಂದರೆ ನನ್ನ ಮಾತು ಮುಗಿಯಿತು, ಇನ್ನು ನೀನು ಹೇಳು, ಕಾಯುತ್ತಿದ್ದೇನೆ ಅಂತ. ‘ಔಟ್’ ಅಂದರೆ ನನ್ನ ಮಾತೂ ಮುಗಿಯಿತು, ನಿನ್ನ ಉತ್ತರವೂ ಬೇಡ ಅಂತ. ಎರಡನ್ನೂ ಒಂದೇ ಉಸಿರಿಗೆ ಹೇಳುವುದು, ಊಟಕ್ಕೆ ಬನ್ನಿ ಎಂದು ಕರೆದು ಬಾಗಿಲು ಹಾಕಿಕೊಂಡ ಹಾಗೆ.

ಇಂಥ ಪುಟ್ಟ ಪದಗಳ ಬಗ್ಗೆಯೇ ಇವತ್ತು ನನ್ನ ಮಾತು. ರೋಜರ್, ವಿಲ್ಕೊ, ಅಫರ್ಮ್, ನೆಗೆಟಿವ್, ಸ್ಟ್ಯಾಂಡ್‌ಬೈ, ಸೇ ಅಗೇನ್. ಇಷ್ಟು ಚಿಕ್ಕ ವಿಷಯಕ್ಕೆ ಒಂದು ಭಾಷಣ ಬೇಕೆ ಎಂದು ಕೇಳಬಹುದು. ಈ ಪದಗಳನ್ನು ಸರಿಯಾಗಿ ಬಳಸದೆ ಹೋದ ಕೆಲವು ಗಳಿಗೆಗಳಲ್ಲಿ ನೂರಾರು ಜನ ಪ್ರಾಣ ಕಳೆದುಕೊಂಡಿದ್ದಾರೆ. ಆ ಕಥೆಗೆ ಬರುತ್ತೇನೆ. ಅದಕ್ಕೆ ಮುಂಚೆ ವೈರ್‌ಲೆಸ್ ಸೆಟ್ಟಿನ ಸ್ವಭಾವ ಸ್ವಲ್ಪ ತಿಳಿಯಬೇಕು.

ಟೆಲಿಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಬಹುದು, ಜಗಳವನ್ನೂ ಆಡಬಹುದು. ವಿಮಾನದ ರೇಡಿಯೊದಲ್ಲಿ ಹಾಗಲ್ಲ. ಒಂದು ಗುಂಡಿ ಇರುತ್ತದೆ. ಒತ್ತಿದರೆ ನೀವು ಮಾತಾಡಬಹುದು, ಕೇಳುವುದಕ್ಕಾಗದು. ಬಿಟ್ಟರೆ ಕೇಳಬಹುದು, ಮಾತಾಡುವುದಕ್ಕಾಗದು. ಒಂದೇ ತರಂಗಾಂತರದಲ್ಲಿ ಹತ್ತಾರು ವಿಮಾನಗಳು ಸರದಿ ಕಾಯುತ್ತಿರುತ್ತವೆ. ಇಬ್ಬರು ಒಂದೇ ಕ್ಷಣ ಗುಂಡಿ ಒತ್ತಿದರೆ ಉಳಿದವರಿಗೆ ಕೇಳಿಸುವುದು ಕಿವಿ ಇರಿಯುವ ಒಂದು ಕೀರಲು ಸದ್ದು ಮಾತ್ರ. ಒತ್ತಿದವರಿಗೆ ಅದೂ ಕೇಳಿಸುವುದಿಲ್ಲ; ತಾವು ಹೇಳಿದ್ದು ತಲುಪಿತು ಎಂದೇ ಅವರು ತಿಳಿದಿರುತ್ತಾರೆ. ಎದುರಿಗಿರುವವನ ಮುಖ ಕಾಣದು, ತಲೆಯಾಡಿಸುವುದು ಕಾಣದು. ಹೀಗಾಗಿ ತಲುಪಿದೆ ಎಂದು ಬಾಯಿಬಿಟ್ಟು ಹೇಳಲೇಬೇಕು, ಅದೂ ಆದಷ್ಟು ಚಿಕ್ಕದಾಗಿ.

ಮಾತು ತಂತಿಯಿಲ್ಲದೆ ಹಾರುವ ಮುಂಚೆ ಚುಕ್ಕಿ ಗೀಟುಗಳ ಮೋರ್ಸ್ ಸಂಕೇತ ಇತ್ತು. ಸಂದೇಶ ಬಂದು ಮುಟ್ಟಿತು ಎನ್ನುವುದಕ್ಕೆ ಆಗಿನ ಆಪರೇಟರುಗಳು ‘ರಿಸೀವ್ಡ್’ ಎಂಬ ಇಡೀ ಪದ ಬಡಿಯದೆ ಅದರ ಮೊದಲ ಅಕ್ಷರ ‘ಆರ್’ ಒಂದನ್ನೇ ಬಡಿಯುತ್ತಿದ್ದರು: ಚುಕ್ಕಿ, ಗೀಟು, ಚುಕ್ಕಿ. ಆಮೇಲೆ ಧ್ವನಿಯಲ್ಲೇ ಮಾತಾಡುವ ಕಾಲ ಬಂತು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಸೇನೆಗಳು ಬಳಸಿದ ಅಕ್ಷರಪಟ್ಟಿಯಲ್ಲಿ ಎ ಅಂದರೆ ಏಬಲ್, ಬಿ ಅಂದರೆ ಬೇಕರ್, ಆರ್ ಅಂದರೆ ರೋಜರ್. ಹೀಗೆ ‘ಮುಟ್ಟಿತು’ ಎನ್ನಲು ಒಬ್ಬ ಮನುಷ್ಯನ ಹೆಸರು ಬಳಕೆಗೆ ಬಂತು.

ಯುದ್ಧ ಮುಗಿದ ಮೇಲೆ ವಿಮಾನಗಳು ದೇಶದೇಶಗಳ ನಡುವೆ ಓಡಾಡತೊಡಗಿದವು. ಏಬಲ್, ಬೇಕರ್ ಇಂಗ್ಲಿಷರಿಗೆ ಸುಲಭ, ಫ್ರೆಂಚರಿಗೂ ಸ್ಪ್ಯಾನಿಷರಿಗೂ ತೊಡಕು. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಜ್ಯಾಂ ಪಾಲ್ ವಿನೆ ಅವರ ನೆರವಿನಿಂದ ಹೊಸ ಪಟ್ಟಿ ತಯಾರಾಗಿ, ತಿದ್ದುಪಡಿಗಳಾಗಿ, 1956ರ ಮಾರ್ಚ್‌ನಲ್ಲಿ ಜಾರಿಗೆ ಬಂತು. ಆಲ್ಫಾ, ಬ್ರಾವೊ, ಚಾರ್ಲಿ ಎಂದು ಇವತ್ತಿಗೂ ನಾವು ಕೇಳುವುದು ಅದನ್ನೇ. ‘ಜೂಲಿಯೆಟ್’ ಅನ್ನು ಅಲ್ಲಿ ಕೊನೆಗೆ ಎರಡು ‘ಟಿ’ ಹಾಕಿ ಬರೆಯುತ್ತಾರೆ. ಒಂದೇ ಇದ್ದರೆ ಫ್ರೆಂಚರು ಅದನ್ನು ಉಚ್ಚರಿಸದೆ ಬಿಟ್ಟುಬಿಡುತ್ತಾರೆ ಎಂಬ ಮುನ್ನೆಚ್ಚರಿಕೆ. ಹೊಸ ಪಟ್ಟಿಯಲ್ಲಿ ಆರ್ ಅಂದರೆ ರೋಮಿಯೊ. ಲೆಕ್ಕಪ್ರಕಾರ ಪೈಲಟ್‌ಗಳು ಅಂದಿನಿಂದ ‘ರೋಮಿಯೊ’ ಎನ್ನಬೇಕಿತ್ತು. ಪುಣ್ಯಕ್ಕೆ ನಾಲಿಗೆಗೆ ಅಭ್ಯಾಸವಾಗಿದ್ದ ರೋಜರ್ ತನ್ನ ಜಾಗ ಬಿಟ್ಟುಕೊಡಲಿಲ್ಲ.

ಈಗ ಮುಖ್ಯ ಮಾತು. ರೋಜರ್ ಅಂದರೆ ‘ಹೌದು’ ಅಲ್ಲ. ‘ಆಗಲಿ’ ಅಲ್ಲ. ‘ಮಾಡುತ್ತೇನೆ’ ಅಂತೂ ಅಲ್ಲವೇ ಅಲ್ಲ. ನೀನು ಕೊನೆಗೆ ಹೇಳಿದ್ದೆಲ್ಲ ನನಗೆ ಬಂದು ಮುಟ್ಟಿತು, ಅಷ್ಟೆ. ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ, ಅಂದರೆ ಐಕಾವೊ, ಇದನ್ನು ಬರೆದಿಟ್ಟಿದೆ: ಹೌದು ಅಥವಾ ಇಲ್ಲ ಎನ್ನಬೇಕಾದ ಪ್ರಶ್ನೆಗೆ ರೋಜರ್ ಎಂದು ಉತ್ತರಿಸಕೂಡದು. ಹೌದು ಎನ್ನಲು ‘ಅಫರ್ಮ್’, ಇಲ್ಲ ಎನ್ನಲು ‘ನೆಗೆಟಿವ್’. ಮೊದಲು ‘ಅಫರ್ಮೆಟಿವ್’ ಎಂಬ ಪೂರ್ಣ ಪದವೇ ಇತ್ತು. ಸದ್ದುಗದ್ದಲದಲ್ಲಿ ಪದದ ತಲೆ ಹಾರಿಹೋಗಿ ಬಾಲ ಮಾತ್ರ ಕೇಳಿಸಿದರೆ ಎರಡರ ಬಾಲವೂ ಒಂದೇ. ಹೌದೋ ಅಲ್ಲವೋ ಗೊತ್ತಾಗದು. ಅದಕ್ಕೇ ಹೌದಿನ ಬಾಲ ಕತ್ತರಿಸಿದರು. ಅಮೆರಿಕದವರು ಮಾತ್ರ ಇನ್ನೂ ಬಾಲ ಇಟ್ಟುಕೊಂಡಿದ್ದಾರೆ.

ಹೇಳಿದ್ದು ಅರ್ಥವಾಯಿತು, ಹಾಗೇ ಮಾಡುತ್ತೇನೆ ಎನ್ನುವುದಕ್ಕೆ ಬೇರೆಯೇ ಪದ, ‘ವಿಲ್ಕೊ’. ‘ವಿಲ್ ಕಂಪ್ಲೈ’ ಎಂಬುದನ್ನು ಹಿಂಡಿ ಮಾಡಿದ್ದು. ‘ರೋಜರ್ ವಿಲ್ಕೊ’ ಎಂದು ಜೋಡಿಸಿ ಹೇಳುವುದು ದಂಡ. ಮುಟ್ಟದೆ ಹೋದದ್ದನ್ನು ಮಾಡುತ್ತೇನೆ ಎಂದು ಯಾರೂ ಒಪ್ಪಿಕೊಳ್ಳುವುದಿಲ್ಲವಲ್ಲ. ‘ಸ್ಟ್ಯಾಂಡ್‌ಬೈ’ ಅಂದರೆ ತಡಿ, ನಾನೇ ಕರೆಯುತ್ತೇನೆ. ಅದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಕೇಳಿಸದಿದ್ದರೆ ‘ಸೇ ಅಗೇನ್’ ಎನ್ನಬೇಕು, ‘ರಿಪೀಟ್’ ಎನ್ನಬಾರದು. ಫಿರಂಗಿದಳದವರ ರೇಡಿಯೊದಲ್ಲಿ ‘ರಿಪೀಟ್’ ಅಂದರೆ ಈಗ ಹೊಡೆದ ಜಾಗಕ್ಕೇ ಇನ್ನೊಮ್ಮೆ ಗುಂಡು ಹಾರಿಸು ಅಂತ! ಜನಪ್ರಿಯವಾದ ‘ಕಾಪಿ’ ಪೈಲಟ್‌ಗಳ ಬಾಯಲ್ಲಿ ಧಾರಾಳವಾಗಿ ಓಡಾಡುತ್ತದೆ, ಐಕಾವೊ ಪಟ್ಟಿಯಲ್ಲಿ ಮಾತ್ರ ಅದಕ್ಕೆ ಜಾಗವಿಲ್ಲ.

ಈ ಪಟ್ಟಿಯಲ್ಲಿ ನನಗೆ ಬಲು ಇಷ್ಟವಾದ ಪದ ‘ಅನೇಬಲ್’. ನೀವು ಹೇಳಿದ್ದು ತಿಳಿಯಿತು, ಆದರೆ ನನ್ನ ಕೈಲಾಗದು. ಗೋಪುರದಲ್ಲಿ ಕೂತ ಕಂಟ್ರೋಲರ್ ಏರು ಎಂದಾಗ, ತಿರುಗು ಎಂದಾಗ, ವಿಮಾನದ ಸ್ಥಿತಿ ಹಾಗಿಲ್ಲದಿದ್ದರೆ ಪೈಲಟ್ ಈ ಒಂದು ಪದ ಹೇಳಬಹುದು. ಯಾರೂ ಅದನ್ನು ಉದ್ಧಟತನ ಎಂದು ತಿಳಿಯುವುದಿಲ್ಲ. ನಮ್ಮ ಕಚೇರಿಗಳಲ್ಲಿ ಸಾಹೇಬರ ಮುಂದೆ ಹೇಳುವ ‘ಎಸ್ ಸರ್’ ನೆನೆಸಿಕೊಳ್ಳಿ. ಅದರಲ್ಲಿ ರೋಜರ್, ಅಫರ್ಮ್, ವಿಲ್ಕೊ ಮೂರೂ ಅಡಗಿವೆ. ಎಷ್ಟೋ ಸಲ ಒಳಗೊಳಗೇ ಅನೇಬಲ್ ಕೂಡ ಇರುತ್ತದೆ. ಕಡತ ಯಾಕೆ ಮುಂದೆ ಹೋಗಲಿಲ್ಲ ಎಂದು ಮೂರು ತಿಂಗಳ ಮೇಲೆ ಕೇಳಿದಾಗಲೇ ಅದು ಯಾವ ‘ಎಸ್ ಸರ್’ ಎಂದು ಗೊತ್ತಾಗುವುದು.

ಅಪಾಯದ ಮಾತುಗಳಿಗೆ ರೋಜರ್, ವಿಲ್ಕೊಗಳೂ ಸಾಲವು. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದಿಂದ ಒಂದು ಇಂಡಿಗೊ ವಿಮಾನ ಹೊರಡುತ್ತದೆ ಎಂದಿಟ್ಟುಕೊಳ್ಳೋಣ. ರೇಡಿಯೊದಲ್ಲಿ ಆ ಕಂಪನಿಯ ಕರೆಹೆಸರು ‘ಐಫ್ಲೈ’. ಟವರ್ ಹೇಳುತ್ತದೆ: ‘ಐಫ್ಲೈ ತ್ರೀ ಟೂ ಫೈವ್, ರನ್‌ವೇ ಜೀರೋ ನೈನರ್ ಲೆಫ್ಟ್, ಕ್ಲಿಯರ್ಡ್ ಫಾರ್ ಟೇಕಾಫ್’. ಪೈಲಟ್ ಇದಕ್ಕೆ ರೋಜರ್ ಎಂದರೆ ತಪ್ಪು. ‘ರನ್‌ವೇ ಜೀರೋ ನೈನರ್ ಲೆಫ್ಟ್, ಕ್ಲಿಯರ್ಡ್ ಫಾರ್ ಟೇಕಾಫ್, ಐಫ್ಲೈ ತ್ರೀ ಟೂ ಫೈವ್’ ಎಂದು ಪೂರ್ತಿ ತಿರುಗಿ ಒಪ್ಪಿಸಬೇಕು. ಇದಕ್ಕೆ ‘ರೀಡ್‌ಬ್ಯಾಕ್’ ಎನ್ನುತ್ತಾರೆ. ಎತ್ತರ, ದಿಕ್ಕು, ರನ್‌ವೇಯ ಸಂಖ್ಯೆ, ವಾಯುಭಾರದ ಅಂಕಿ ಎಲ್ಲಕ್ಕೂ ಇದೇ ನಿಯಮ. ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುತ್ತಾರೆ. ‘ಫೈವ್’ ಮತ್ತು ‘ನೈನ್’ ಒಂದೇ ಥರ ಕೇಳಿಸದಿರಲಿ ಎಂದು ಒಂಬತ್ತಕ್ಕೆ ‘ನೈನರ್’ ಎಂಬ ಬಾಲ. ಪೈಲಟ್ ಒಪ್ಪಿಸುವಾಗ ಕಂಟ್ರೋಲರ್ ಕಿವಿಗೊಟ್ಟು ಕೇಳಬೇಕು, ತಪ್ಪಿದ್ದರೆ ಆಗಲೇ ತಿದ್ದಬೇಕು. ಈ ಎರಡನೆಯ ಕೆಲಸವೇ ಕಷ್ಟದ್ದು. ತಾನು ಹೇಳಿದ್ದನ್ನೇ ಎದುರಿನವನೂ ಹೇಳುತ್ತಾನೆ ಎಂದು ಕಿವಿ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ.

1989ರ ಫೆಬ್ರುವರಿ 19ರ ಬೆಳಗ್ಗೆ ಸಿಂಗಪುರದಿಂದ ಕ್ವಾಲಾಲಂಪುರದ ಸುಬಾಂಗ್ ನಿಲ್ದಾಣಕ್ಕೆ ಒಂದು ಸರಕು ವಿಮಾನ ಬರುತ್ತಿತ್ತು. ಫ್ಲೈಯಿಂಗ್ ಟೈಗರ್ ಕಂಪನಿಯ ಬೋಯಿಂಗ್ 747. 2400 ಅಡಿಗೆ ಇಳಿಯಿರಿ ಎನ್ನಬೇಕಿದ್ದ ಕಂಟ್ರೋಲರ್ ಅಂಕಿಗಳನ್ನಷ್ಟೇ ಹೇಳಿದರು: ‘ಡಿಸೆಂಡ್ ಟೂ ಫೋರ್ ಜೀರೋ ಜೀರೋ’. ಇಂಗ್ಲಿಷಿನಲ್ಲಿ ಎರಡು ಎಂಬುದಕ್ಕೂ, ಇಷ್ಟಕ್ಕೆ ಎಂಬಲ್ಲಿಯ ‘ಕ್ಕೆ’ಗೂ ಉಚ್ಚಾರ ಒಂದೇ. ಕಾಕ್‌ಪಿಟ್ಟಿನಲ್ಲಿ ಅದು 400 ಅಡಿಗೆ ಇಳಿಯಿರಿ ಎಂದು ಕೇಳಿಸಿತು. ‘ಓಕೆ, ಫೋರ್ ಜೀರೋ ಜೀರೋ’ ಎಂದು ಉತ್ತರ ಬಂತು. ಒಂದು ಅಂಕಿ ಕಡಿಮೆ ಬಂದದ್ದನ್ನು ಕೆಳಗೆ ಕೂತವರು ಗಮನಿಸಲಿಲ್ಲ. ವಿಮಾನ ಇಳಿಯುತ್ತ ಹೋಗಿ ಗುಡ್ಡಕ್ಕೆ ಬಡಿಯಿತು. ಒಳಗಿದ್ದ ನಾಲ್ವರೂ ಸತ್ತರು. ಇಲ್ಲಿ ತಿರುಗಿ ಒಪ್ಪಿಸುವ ಕೆಲಸ ನಡೆಯಿತು, ಕೇಳಿ ತಿದ್ದುವ ಕೆಲಸ ನಡೆಯಲಿಲ್ಲ. ‘ಟೂ ಥೌಸಂಡ್ ಫೋರ್ ಹಂಡ್ರೆಡ್ ಫೀಟ್’ ಎಂದಿದ್ದರೆ ಅನುಮಾನಕ್ಕೆ ಎಡೆಯೇ ಇರುತ್ತಿರಲಿಲ್ಲ.

ಇನ್ನೊಂದು, ವಿಮಾನಯಾನದ ಇತಿಹಾಸದಲ್ಲೇ ಅತಿ ಘೋರವಾದ ಅಪಘಾತ. 1977ರ ಮಾರ್ಚ್ 27, ಸ್ಪೇನಿಗೆ ಸೇರಿದ ಟೆನೆರಿಫೆ ದ್ವೀಪ. ಪಕ್ಕದ ಲಾಸ್ ಪಾಲ್ಮಾಸ್ ನಿಲ್ದಾಣದಲ್ಲಿ ಬಾಂಬು ಸಿಡಿದು ಅಲ್ಲಿಗೆ ಹೋಗಬೇಕಿದ್ದ ವಿಮಾನಗಳೆಲ್ಲ ಟೆನೆರಿಫೆಯ ಲಾಸ್ ರೋಡಿಯೋಸ್ ಎಂಬ ಸಣ್ಣ ನಿಲ್ದಾಣಕ್ಕೆ ಬಂದು ತುಂಬಿಕೊಂಡಿದ್ದವು. ಪಕ್ಕದ ದಾರಿ ಕಟ್ಟಿಹೋಗಿದ್ದರಿಂದ ವಿಮಾನಗಳು ರನ್‌ವೇಯ ಮೇಲೇ ಉರುಳಿಕೊಂಡು ಅದರ ತುದಿಗೆ ಹೋಗಬೇಕಾಯಿತು. ಮೇಲಿಂದ ಮಂಜು ಕವಿಯಿತು. ನೆದರ್ಲೆಂಡ್ಸ್‌ನ ಕೆಎಲ್‌ಎಂ ಕಂಪನಿಯ 747 ತುದಿ ತಲುಪಿ ತಿರುಗಿ ನಿಂತಿತ್ತು. ಅಮೆರಿಕದ ಪ್ಯಾನ್ ಆಮ್ ಕಂಪನಿಯ 747 ಅದೇ ರನ್‌ವೇಯಲ್ಲಿ ಇನ್ನೂ ಬರುತ್ತಿತ್ತು. ಒಬ್ಬರಿಗೊಬ್ಬರು ಕಾಣರು. ಟವರಿನವರಿಗೆ ಇಬ್ಬರೂ ಕಾಣರು. ನೆಲದ ಮೇಲಿನ ರಾಡಾರ್ ಅಲ್ಲಿ ಇರಲಿಲ್ಲ. ಇದ್ದದ್ದು ರೇಡಿಯೊ ಒಂದೇ.

ಕೆಎಲ್‌ಎಂಗೆ ಟವರ್ ಕೊಟ್ಟದ್ದು ಹಾರಿದ ಮೇಲೆ ಹಿಡಿಯಬೇಕಾದ ಮಾರ್ಗದ ವಿವರ, ಹಾರಲು ಅನುಮತಿಯಲ್ಲ. ಆದರೆ ಆ ವಿವರದ ನಡುವೆ ‘ಟೇಕಾಫ್’ ಎಂಬ ಪದ ಇತ್ತು. ಸಹಪೈಲಟ್ ಅದನ್ನು ತಿರುಗಿ ಒಪ್ಪಿಸಿ, ಕೊನೆಗೆ ಅವಸರದಲ್ಲಿ, ನಾವೀಗ ಟೇಕಾಫ್‌ನಲ್ಲಿದ್ದೇವೆ ಎಂಬರ್ಥದ ಮಾತು ಸೇರಿಸಿದರು. ಓಡಲು ಶುರುಮಾಡಿದ್ದೇವೆ ಎಂದೋ, ಓಡಲು ಸಿದ್ಧರಾಗಿ ನಿಂತಿದ್ದೇವೆ ಎಂದೋ? ಟವರಿನಲ್ಲಿದ್ದವರು ಎರಡನೆಯದೆಂದು ತಿಳಿದು ‘ಓಕೆ’ ಎಂದರು. ಒಂದೆರಡು ಸೆಕೆಂಡು ಬಿಟ್ಟು, ಟೇಕಾಫ್‌ಗೆ ಕಾಯಿರಿ, ನಾನೇ ಕರೆಯುತ್ತೇನೆ ಎಂದೂ ಸೇರಿಸಿದರು. ಗಾಬರಿಗೊಂಡ ಪ್ಯಾನ್ ಆಮ್ ಪೈಲಟ್ ಅದೇ ಗಳಿಗೆಗೆ ಗುಂಡಿ ಒತ್ತಿ, ನಾವಿನ್ನೂ ರನ್‌ವೇ ಮೇಲೆ ಇದ್ದೇವೆ ಎಂದರು. ಎರಡು ಮಾತು ಒಂದರ ಮೇಲೊಂದು ಬಿದ್ದು ಕೆಎಲ್‌ಎಂ ಕಾಕ್‌ಪಿಟ್ಟಿನಲ್ಲಿ ಕೇಳಿಸಿದ್ದು ಆ ಕೀರಲು ಸದ್ದು. ಅದಕ್ಕೆ ಮುಂಚೆ ಸ್ಪಷ್ಟವಾಗಿ ಮುಟ್ಟಿದ್ದು ‘ಓಕೆ’ ಒಂದೇ.

ಇಷ್ಟಾದರೂ ಇನ್ನೊಂದು ಅವಕಾಶ ಇತ್ತು. ರನ್‌ವೇಯಿಂದ ಆಚೆ ಬಂದ ಮೇಲೆ ತಿಳಿಸಿ ಎಂದು ಟವರ್ ಪ್ಯಾನ್ ಆಮ್‌ಗೆ ಹೇಳಿತು, ಅವರು ಆಗಲಿ ಎಂದರು. ಓಡುತ್ತಿದ್ದ ಕೆಎಲ್‌ಎಂನ ಫ್ಲೈಟ್ ಎಂಜಿನಿಯರ್ ಕಿವಿಗೆ ಇದು ಬಿತ್ತು. ಆ ವಿಮಾನ ಇನ್ನೂ ಆಚೆ ಹೋಗಿಲ್ಲವೇ ಎಂದು ಕೇಳಿದರು. ಕ್ಯಾಪ್ಟನ್, ಕಂಪನಿಯಲ್ಲಿ 747ರ ತರಬೇತಿಗೇ ಮುಖ್ಯಸ್ಥರಾಗಿದ್ದ ಹಿರಿಯರು, ಹೋಗಿದೆ ಎಂದು ಖಡಾಖಂಡಿತವಾಗಿ ಹೇಳಿದರು. ಕೆಲವೇ ಸೆಕೆಂಡುಗಳಲ್ಲಿ ಎರಡೂ ಡಿಕ್ಕಿ ಹೊಡೆದವು. 583 ಜನ ಸತ್ತರು. ಕೆಎಲ್‌ಎಂನಲ್ಲಿ ಒಬ್ಬರೂ ಉಳಿಯಲಿಲ್ಲ, ಪ್ಯಾನ್ ಆಮ್‌ನಲ್ಲಿ ಉಳಿದವರು 61.

ಇದಕ್ಕೆ ಕಾರಣ ‘ಓಕೆ’ ಎಂಬ ಒಂದು ಪದ ಎಂದರೆ ಅದು ಉತ್ಪ್ರೇಕ್ಷೆ. ಮಂಜು, ಅವಸರ, ಹಿರಿಯರನ್ನು ಪ್ರಶ್ನಿಸುವ ಅಳುಕು ಎಲ್ಲ ಸೇರಿದವು. ಆದರೆ ಆಮೇಲೆ ಜಗತ್ತು ತಿದ್ದಿಕೊಂಡದ್ದರಲ್ಲಿ ಮಾತೂ ಒಂದು. ಹಾರಲು ಅನುಮತಿ ಕೊಡುವಾಗ ಅಥವಾ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಾಗ ಬಿಟ್ಟು ಬೇರೆಲ್ಲೂ ‘ಟೇಕಾಫ್’ ಎನ್ನಬಾರದು, ‘ಡಿಪಾರ್ಚರ್’ ಎನ್ನಬೇಕು ಎಂಬ ನಿಯಮ ಬಂತು.

ನಮ್ಮ ದೇಶದಲ್ಲೂ ಇಂಥದು ನಡೆದಿದೆ. 1996ರ ನವೆಂಬರ್ 12ರ ಸಂಜೆ ದೆಹಲಿಯ ಹತ್ತಿರ ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ಗಲ್ಫಿಗೆ ಕೆಲಸಕ್ಕೆಂದು ಹೊರಟವರಿಂದ ತುಂಬಿದ್ದ ಸೌದಿ ವಿಮಾನಕ್ಕೆ ಕಜಕಸ್ತಾನದ ವಿಮಾನ ಆಕಾಶದಲ್ಲೇ ಡಿಕ್ಕಿ ಹೊಡೆದು 349 ಜನ ಸತ್ತರು. ಒಬ್ಬರಿಗೆ 14 ಸಾವಿರ ಅಡಿ, ಇನ್ನೊಬ್ಬರಿಗೆ 15 ಸಾವಿರ ಅಡಿ ಎಂದು ಕಂಟ್ರೋಲರ್ ಹೇಳಿದ್ದರು. 15 ಸಾವಿರದಲ್ಲಿ ನಿಲ್ಲಬೇಕಿದ್ದ ಕಜಕ್ ವಿಮಾನ ಇನ್ನೂ ಕೆಳಗಿಳಿದಿತ್ತು. ನ್ಯಾಯಮೂರ್ತಿ ಲಾಹೋಟಿ ಆಯೋಗ ಎತ್ತಿ ತೋರಿಸಿದ ಕಾರಣಗಳಲ್ಲಿ ಆ ಸಿಬ್ಬಂದಿಯ ಅರೆಬರೆ ಇಂಗ್ಲಿಷೂ ಒಂದು. 2008ರಿಂದ ಅಂತಾರಾಷ್ಟ್ರೀಯ ಹಾರಾಟದ ಪೈಲಟ್‌ಗಳೂ ಕಂಟ್ರೋಲರ್‌ಗಳೂ ಇಂಗ್ಲಿಷಿನಲ್ಲಿ ಆರರಲ್ಲಿ ಕನಿಷ್ಠ ನಾಲ್ಕನೆಯ ಮಟ್ಟ ಮುಟ್ಟಿರಬೇಕೆಂದು ಐಕಾವೊ ಕಡ್ಡಾಯ ಮಾಡಿದೆ.

ವಿಮಾನದವರ ಕಥೆ ಸಾಕು. ಅಮೆರಿಕದ ಪೊಲೀಸರು ರೋಜರ್ ಬದಲು ‘ಟೆನ್-ಫೋರ್’ ಎನ್ನುತ್ತಿದ್ದರು. ಆ ಕಾಲದ ರೇಡಿಯೊ ಗುಂಡಿ ಒತ್ತಿದ ಮೇಲೆ ವೇಗ ಹಿಡಿಯಲು ಒಂದು ಕ್ಷಣ ಬೇಕಿತ್ತು, ಮೊದಲ ಸದ್ದು ನುಂಗಿಹೋಗುತ್ತಿತ್ತು. ಹೋದರೆ ಹೋಗಲಿ ಎಂದು ಮುಂದೆ ಒಂದು ‘ಟೆನ್’ ಇಟ್ಟರಂತೆ! ನಮ್ಮ ಬೆಂಗಳೂರು ಪೊಲೀಸರ ಹೊಯ್ಸಳ ಗಾಡಿಗಳ ಸೆಟ್ಟಿನಲ್ಲಿ ಮಾತು ಬಹುಪಾಲು ಕನ್ನಡವೇ ಆದರೂ ‘ರೋಜರ್’, ‘ಓವರ್’ ಹಾಗೇ ಉಳಿದಿವೆ. ಇರಲಿ ಬಿಡಿ, ಅವನ್ನು ಕನ್ನಡಿಸಲು ಹೋಗಿ ನಾಲ್ಕಕ್ಷರದ ಪದ ತಂದಿಟ್ಟರೆ ಕಳ್ಳ ಅಷ್ಟರಲ್ಲಿ ಗಲ್ಲಿ ದಾಟಿರುತ್ತಾನೆ.

ಹ್ಯಾಮ್ ಎಂದು ಕರೆಸಿಕೊಳ್ಳುವ ಹವ್ಯಾಸಿ ರೇಡಿಯೊದವರು ‘ಕ್ಯೂಎಸ್‌ಎಲ್’ ಎನ್ನುತ್ತಾರೆ. ಅದೂ ಮೋರ್ಸ್ ಕಾಲದ ಸಂಕೇತ, ಅರ್ಥ ಅದೇ: ಮುಟ್ಟಿದೆ. ಅವರ ಹಟ ಮಾತಿಗೇ ನಿಲ್ಲುವುದಿಲ್ಲ. ಮಾತಾಡಿದ್ದಕ್ಕೆ ಸಾಕ್ಷಿಯಾಗಿ ತಾರೀಖು, ಸಮಯ, ತರಂಗಾಂತರ ಬರೆದ ಕಾರ್ಡನ್ನು ಅಂಚೆಯಲ್ಲಿ ಕಳಿಸುತ್ತಾರೆ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ಹ್ಯಾಮ್ ಸಂಸ್ಥೆಯ ಭಾರತಿ ಪ್ರಸಾದ್ ತಂಡ ಕಟ್ಟಿಕೊಂಡು ಪೋರ್ಟ್ ಬ್ಲೇರಿಗೆ ಹೋದದ್ದು ಅಂಡಮಾನಿನಿಂದ ಜಗತ್ತಿನ ಹವ್ಯಾಸಿಗಳ ಜೊತೆ ಮಾತಾಡಿ ಇಂಥ ಕಾರ್ಡು ಹಂಚಲು. 26ರಂದು ಸುನಾಮಿ ಬಡಿದು ಫೋನುಗಳು ಸತ್ತಾಗ ಬದುಕಿದವರ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದ್ದು ಅದೇ ಸೆಟ್ಟು. ದೂರದೇಶದ ಬಾನುಲಿ ಕೇಳುಗರಿಗೂ ಈ ಕಾರ್ಡಿನ ಗೀಳು ಇತ್ತು. ಆಕಾಶವಾಣಿ ಕೂಡ ಇಂಥ ಕಾರ್ಡು ಕಳಿಸುತ್ತಿತ್ತು. ಬೆಂಗಳೂರಿನ 500 ಕಿಲೋವ್ಯಾಟ್ ಕಿರುತರಂಗದ ಪ್ರಸಾರ ಎಲ್ಲೋ ಸಮುದ್ರದಾಚೆ ಕೇಳಿಸಿತೆಂದು ಬರೆದವರಿಗೆ ಅದೊಂದು ಸಂಪಾದನೆ. ಇಲ್ಲಿ ಮೈಕಿನ ಮುಂದೆ ಕೂತ ನಮಗಾದರೋ ನಿಮ್ಮ ಪತ್ರ ಬಂದರೇ ರೋಜರ್.

ರೈಲ್ವೆಯ ಪದ್ಧತಿ ಇನ್ನೂ ಬಿಗಿ. ಸ್ಟೇಷನ್ ಮಾಸ್ಟರ್ ಫೋನು ಮಾಡಿ ಗೇಟ್ ಹಾಕಿದೆಯಾ ಎಂದು ಕೇಳಿದರೆ ಗೇಟ್‌ಮನ್ ಬರೀ ‘ಹಾಕಿದೆ ಸಾರ್’ ಎಂದರೆ ಸಾಲದು. ಅವರ ಹತ್ತಿರ ಗುಟ್ಟಿನ ಅಂಕಿಗಳ ಒಂದು ಹಾಳೆ ಇರುತ್ತದೆ. ಅದರಿಂದ ಮುಂದಿನ ಎರಡಂಕಿಯ ಸಂಖ್ಯೆ ಹೇಳಿ, ಹಾಳೆಯಲ್ಲಿ ಅದನ್ನು ಹೊಡೆದುಹಾಕಬೇಕು. ಕೇಳಿದವರು ರಿಜಿಸ್ಟರಿನಲ್ಲಿ ಬರೆದುಕೊಳ್ಳಬೇಕು. ಇದಕ್ಕೆ ‘ಪ್ರೈವೇಟ್ ನಂಬರ್’ ಎನ್ನುತ್ತಾರೆ. ಬಾಯಿಮಾತಿನ ಒಪ್ಪಿಗೆಗೆ ಇಷ್ಟು ಗಟ್ಟಿ ಮುದ್ರೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2003ರಲ್ಲಿ ಈ ತಿರುಗಿ ಒಪ್ಪಿಸುವ ಕ್ರಮವನ್ನು ವಿಮಾನದವರಂತೆ ತಾನೂ ಕಡ್ಡಾಯ ಮಾಡಿತು. ಡಾಕ್ಟರು ಫೋನಿನಲ್ಲಿ ಔಷಧಿ ಹೇಳಿದರೆ ನರ್ಸ್ ಬರೆದುಕೊಂಡು ಓದಿ ಹೇಳಬೇಕು. ನಮ್ಮ ಮನೆಗಳಿಗೆ ಇಂಥ ನಿಯಮ ಮಾಡುವವರಿಲ್ಲ. ಊರಿನಲ್ಲಿರುವ ತಾಯಿಗೆ ಫೋನಿನಲ್ಲಿ ಮಾತ್ರೆ ಹೇಳುತ್ತೀರಿ, ಅವರು ‘ಹೂಂ ಕಣಪ್ಪ’ ಎನ್ನುತ್ತಾರೆ, ನೀವು ಫೋನ್ ಇಡುತ್ತೀರಿ. ಇಂಗ್ಲಿಷಿನ ಫಿಫ್ಟೀನ್ ಮತ್ತು ಫಿಫ್ಟಿ ಫೋನಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕೇಳಿಸುತ್ತವೆ. ಮುಂದಿನ ಸಲ ‘ಒಂದು, ಐದು, ಹದಿನೈದು’ ಎಂದು ಬಿಡಿಸಿ ಹೇಳಿ. ‘ಎಲ್ಲಿ, ಬರಕೊಂಡಿದ್ದನ್ನ ಒಂದ್ಸಲ ಓದಮ್ಮ’ ಎಂದು ಕೇಳಿ, ಅವರು ಓದಿ ಮುಗಿಸುವ ತನಕ ಫೋನ್ ಇಡಬೇಡಿ.